ಎಂಜಿನಿಯರಿಂಗ್‌ಗೆ ವಿಶ್ವವಿದ್ಯಾಲಯ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಸೇರುವ ಮಕ್ಕಳು, ಅವರ ಅಪ್ಪ ಅಮ್ಮ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಹೆಸರು ಎಷ್ಟೇ ದೊಡ್ಡದಿರಲಿ, ನೀವು ದಿನಾ ಹೋಗಿ ಕೂರುವುದು ಅದರ ಒಂದು ವಿಭಾಗದಲ್ಲಿ. ಆ ವಿಭಾಗದಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ನಿಮ್ಮ ಕೈಯಿಂದ ಏನು ಮಾಡಿಸುತ್ತಾರೆ ಅನ್ನೋದನ್ನು ನೋಡದೆ ಸೀಟು ಖಾಯಂ ಮಾಡಬೇಡಿ. ಕೆಳಗಿನ ಉತ್ತರಗಳೆಲ್ಲ ಈ ನಿಲುವಿನಿಂದಲೇ ಬಂದಿವೆ.

ಮೊದಲು ಬ್ರಾಂಚ್ ನೋಡಬೇಕಾ, ವಿಶ್ವವಿದ್ಯಾಲಯ ನೋಡಬೇಕಾ?

ಯಾವ ಬ್ರಾಂಚ್ ಬೇಕು ಅಂತ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಬ್ರಾಂಚ್ ಮೊದಲು. ಸಿವಿಲ್ ಇಷ್ಟ ಇರುವ ಹುಡುಗಿ ಬರೀ ಹೆಸರಿನ ಆಸೆಗೆ ಬೇರೆ ಬ್ರಾಂಚ್ ಸೇರಿ ನಾಲ್ಕು ವರ್ಷ ಮನಸ್ಸಿಲ್ಲದ ವಿಷಯ ಓದಿದರೆ ಅಂಕಗಳೂ ಬರುವುದಿಲ್ಲ, ಕೆಲಸವೂ ಒಗ್ಗುವುದಿಲ್ಲ. ಆದರೆ ಹತ್ತಿರದ ಬ್ರಾಂಚ್‌ಗಳ ನಡುವೆ, ಉದಾಹರಣೆಗೆ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ನಡುವೆ, ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಶುರುವಿನ ಪಾಠಗಳಲ್ಲಿ ಬಹಳಷ್ಟು ಒಂದೇ. ಅಂಥ ಕಡೆ ಯಾವ ವಿಭಾಗ ಚೆನ್ನಾಗಿದೆಯೋ ಅದನ್ನು ಹಿಡಿಯಿರಿ.

ಯಾವ ಬ್ರಾಂಚ್ ಅಂತ ಇನ್ನೂ ಗೊತ್ತಾಗಿಲ್ಲ. ಏನು ಮಾಡಲಿ?

ಇದು ತಪ್ಪೇನಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಥರ್ಮೋಡೈನಾಮಿಕ್ಸ್ ಇಷ್ಟವಾ, ಕಂಪೈಲರ್ ಇಷ್ಟವಾ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಕೆಲವು ವಿಶ್ವವಿದ್ಯಾಲಯಗಳು ತೀರ್ಮಾನವನ್ನು ಮುಂದಕ್ಕೆ ಹಾಕುತ್ತವೆ. ಕೇಂಬ್ರಿಜ್‌ನಲ್ಲಿ ಮೊದಲ ಎರಡು ವರ್ಷ ಎಲ್ಲರಿಗೂ ಸಾಮಾನ್ಯ ಎಂಜಿನಿಯರಿಂಗ್, ಆಮೇಲೆ ವಿಶೇಷ ವಿಷಯ. ಅಮೆರಿಕದ ಪರ್ಡ್ಯೂನಲ್ಲಿ ಮೊದಲ ವರ್ಷ ಸಾಮಾನ್ಯ. ನಿಮ್ಮ ಪಟ್ಟಿಯಲ್ಲಿ ಇರುವ ಕಡೆಗಳಲ್ಲಿ ಇಂಥ ವ್ಯವಸ್ಥೆ ಇದೆಯಾ ನೋಡಿ.

ಇದ್ದರೂ ಒಂದು ಪ್ರಶ್ನೆ ಕೇಳಲೇಬೇಕು: ಮೊದಲ ವರ್ಷ ಮುಗಿದ ಮೇಲೆ ಕೇಳಿದ ಬ್ರಾಂಚ್ ಎಲ್ಲರಿಗೂ ಸಿಗುತ್ತದಾ, ಇಲ್ಲಾ ಅಂಕದ ಮೇಲೆ ಹಂಚುತ್ತಾರಾ? ಅಂಕದ ಮೇಲೆ ಹಂಚುವುದಾದರೆ ನಿಮ್ಮ ಸ್ಪರ್ಧೆ ಪ್ರವೇಶ ಪರೀಕ್ಷೆಯಲ್ಲಿ ಮುಗಿದಿಲ್ಲ, ಇನ್ನೊಂದು ವರ್ಷ ಇದೆ ಅಂತ ತಿಳಿದೇ ಒಳಗೆ ಹೋಗಿ.

ರ್‍ಯಾಂಕಿಂಗ್ ಎಷ್ಟು ನಂಬಬಹುದು?

ರ್‍ಯಾಂಕಿಂಗ್ ಏನನ್ನು ಅಳೆಯುತ್ತದೆ ಅಂತ ಗೊತ್ತಿದ್ದರೆ ಉಪಯೋಗ ಇದೆ. ಗೊತ್ತಿಲ್ಲದಿದ್ದರೆ ದಾರಿ ತಪ್ಪಿಸುತ್ತದೆ.

ಶಾಂಘೈ ರ್‍ಯಾಂಕಿಂಗ್ ಅಂತ ಕರೆಯುವ, ಚೀನಾದಲ್ಲಿ ತಯಾರಾಗುವ ಪಟ್ಟಿ 2003ರಲ್ಲಿ ಶುರುವಾಯಿತು. ಅದರ ಜಾಗತಿಕ ಪಟ್ಟಿಯಲ್ಲಿ ಶೇಕಡಾ 30ರಷ್ಟು ತೂಕ ಇರುವುದು ಹಳೆಯ ವಿದ್ಯಾರ್ಥಿಗಳು ಮತ್ತು ಪ್ರಾಧ್ಯಾಪಕರು ಗೆದ್ದ ನೊಬೆಲ್ ಬಹುಮಾನ ಮತ್ತು ಗಣಿತಕ್ಕೆ ಕೊಡುವ ಫೀಲ್ಡ್ಸ್ ಪದಕಗಳಿಗೆ. ಎಂಜಿನಿಯರಿಂಗ್‌ಗೆ ನೊಬೆಲ್ ಬಹುಮಾನವೇ ಇಲ್ಲ, ಅಲ್ವಾ? ಹಾಗಾಗಿ ಆ ಅಂಕಿಗೂ ನಿಮ್ಮ ಮೆಕ್ಯಾನಿಕಲ್ ಕ್ಲಾಸಿಗೂ ಸಂಬಂಧ ತುಂಬ ದೂರದ್ದು. ಬ್ರಿಟನ್ನಿನ ಕ್ಯೂಎಸ್ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿ 2024ರ ಆವೃತ್ತಿಯಿಂದ ಶೇಕಡಾ 30ರಷ್ಟು ತೂಕ, ಅದಕ್ಕಿಂತ ಮೊದಲು ಶೇಕಡಾ 40, ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಸಮೀಕ್ಷೆಯಲ್ಲಿ ಕೊಟ್ಟ ಅಭಿಪ್ರಾಯಕ್ಕೆ. ಅಂದರೆ ಹೆಸರು ಇದ್ದವರಿಗೆ ಹೆಸರಿನಿಂದಲೇ ಮತ್ತಷ್ಟು ಅಂಕ.

ಇನ್ನೊಂದು ಸಂಗತಿ. ಪಟ್ಟಿಗೆ ಹೋಗುವ ಅಂಕಿ ಅಂಶಗಳಲ್ಲಿ ಕೆಲವನ್ನು ಕೊಡುವುದು ಆಯಾ ವಿಶ್ವವಿದ್ಯಾಲಯವೇ. 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ಯುಎಸ್ ನ್ಯೂಸ್ ಅನ್ನುವ ಮಾಧ್ಯಮ ಸಂಸ್ಥೆಯ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೇಲ್ ಥಾಡಿಯಸ್ ಕೂತು ಲೆಕ್ಕ ಹಾಕಿ, ತರಗತಿಯ ಗಾತ್ರವೂ ಸೇರಿ ಹಲವು ಅಂಕಿಗಳು ಸರಿಯಿಲ್ಲ ಅಂತ ಬರೆದರು. ಆಮೇಲೆ ವಿಶ್ವವಿದ್ಯಾಲಯವೇ ತಪ್ಪು ಒಪ್ಪಿಕೊಂಡಿತು. ಅದೇ ವರ್ಷ ಬಂದ ಮುಂದಿನ ಪಟ್ಟಿಯಲ್ಲಿ ಅದು 18ನೇ ಸ್ಥಾನಕ್ಕೆ ಇಳಿಯಿತು. ಪಾಠ, ಲ್ಯಾಬ್, ಪ್ರಾಧ್ಯಾಪಕರು ಆ ಕೆಲವೇ ತಿಂಗಳಲ್ಲಿ ಅಷ್ಟು ಕೆಟ್ಟಿರಲು ಸಾಧ್ಯವಿಲ್ಲ. ಬದಲಾದದ್ದು ಕಾಗದ ಮಾತ್ರ.

ಹಾಗಾಗಿ ನನ್ನ ಸಲಹೆ: ಮೊದಲ ಪಟ್ಟಿ ಮಾಡಿಕೊಳ್ಳಲು ವಿಷಯವಾರು ರ್‍ಯಾಂಕಿಂಗ್ ನೋಡಿ, ಒಟ್ಟಾರೆ ರ್‍ಯಾಂಕಿಂಗ್ ಬಿಡಿ. 40ನೇ ಸ್ಥಾನಕ್ಕೂ 55ನೇ ಸ್ಥಾನಕ್ಕೂ ಇರುವ ಅಂತರವನ್ನು ದೊಡ್ಡದು ಮಾಡಬೇಡಿ.

ಮಾನ್ಯತೆ ಅಂದರೆ ಏನು? ಎಲ್ಲರೂ "ನಮಗೆ ಮಾನ್ಯತೆ ಇದೆ" ಅಂತಾರಲ್ಲ?

ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ, ಏಕೆಂದರೆ ಇಲ್ಲಿ ಎಡವಿದವರಿಗೆ ಅದು ಗೊತ್ತಾಗುವುದು ಪದವಿ ಮುಗಿದ ಮೇಲೆ. ವಿಶ್ವವಿದ್ಯಾಲಯಕ್ಕೆ ಸಿಗುವ ಮಾನ್ಯತೆ ಬೇರೆ, ಒಂದು ನಿರ್ದಿಷ್ಟ ಎಂಜಿನಿಯರಿಂಗ್ ಕೋರ್ಸಿಗೆ ಸಿಗುವ ಮಾನ್ಯತೆ ಬೇರೆ. ಅಮೆರಿಕದ ಎಬೆಟ್ ಮತ್ತು ಭಾರತದ ಎನ್‌ಬಿಎ ಅನ್ನುವ ಸಂಸ್ಥೆಗಳು ಮಾನ್ಯತೆ ಕೊಡುವುದು ಕೋರ್ಸಿಗೆ. ಒಂದೇ ಕ್ಯಾಂಪಸ್‌ನಲ್ಲಿ ಸಿವಿಲ್‌ಗೆ ಮಾನ್ಯತೆ ಇದ್ದು, ಪಕ್ಕದ ಕಟ್ಟಡದ ಹೊಸ ಕೋರ್ಸಿಗೆ ಇಲ್ಲದಿರಬಹುದು. ಆದ್ದರಿಂದ ವಿಶ್ವವಿದ್ಯಾಲಯದ ಜಾಹೀರಾತು ನೋಡಬೇಡಿ. ಮಾನ್ಯತೆ ಕೊಡುವ ಸಂಸ್ಥೆಯ ಜಾಲತಾಣಕ್ಕೇ ಹೋಗಿ, ಕೋರ್ಸಿನ ಪೂರ್ತಿ ಹೆಸರು ಹಾಕಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ನೋಡಿ.

ಇದರ ಉಪಯೋಗ ಏನು ಅಂದರೆ, 1989ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ಒಬ್ಬರು ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಬ್ಬರು ಸಮಾನ ಅಂತ ಒಪ್ಪುವ ಒಪ್ಪಂದ ಅದು. ಆಮೇಲೆ ಹಲವು ದೇಶಗಳು ಸೇರಿದವು. ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು. ಭಾರತದಲ್ಲಿ ಎನ್‌ಬಿಎ ಟಯರ್ 1 (ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳ ವರ್ಗ) ಅಡಿ ಮಾನ್ಯವಾದ ಕೋರ್ಸುಗಳಿಗೆ ಮಾತ್ರ ಈ ಒಪ್ಪಂದ ಅನ್ವಯ, ಟಯರ್ 2ಕ್ಕೆ (ಸಂಯೋಜಿತ ಕಾಲೇಜುಗಳ ವರ್ಗ) ಇಲ್ಲ. ನೀವು ಓದುವುದು ಒಂದು ದೇಶದಲ್ಲಿ, ಕೆಲಸ ಮಾಡುವುದು ಇನ್ನೊಂದು ದೇಶದಲ್ಲಿ ಅಂದುಕೊಂಡಿದ್ದರೆ ಇದು ಮೊದಲು ನೋಡಬೇಕಾದ ವಿಷಯ. ಸಿವಿಲ್, ಸ್ಟ್ರಕ್ಚರಲ್‌ನಂಥ ನಕ್ಷೆಗೆ ಸಹಿ ಹಾಕುವ ಅಧಿಕಾರ ಬೇಕಾದ ಕೆಲಸಗಳಿಗಂತೂ ಪರವಾನಗಿ ಪಡೆಯುವಾಗ ಇದೇ ಕಾಗದ ಕೇಳುತ್ತಾರೆ. ಸಾಫ್ಟ್‌ವೇರ್ ಕೆಲಸಕ್ಕೆ ಇದನ್ನು ಕೇಳುವವರು ಕಡಿಮೆ.

ಇನ್ನೊಂದು ಎಚ್ಚರಿಕೆ: "ಎಂಜಿನಿಯರಿಂಗ್" ಮತ್ತು "ಎಂಜಿನಿಯರಿಂಗ್ ಟೆಕ್ನಾಲಜಿ" ಎರಡೂ ಒಂದೇ ಅಲ್ಲ. ಅಮೆರಿಕದಲ್ಲಿ ಇವೆರಡನ್ನೂ ಎಬೆಟ್‌ನ ಬೇರೆ ಬೇರೆ ಮಂಡಳಿಗಳು ನೋಡುತ್ತವೆ. ಟೆಕ್ನಾಲಜಿ ಪದವಿಗಳಿಗೆ 2001ರ ಸಿಡ್ನಿ ಒಪ್ಪಂದ ಅನ್ನುವ ಬೇರೆಯದೇ ಒಪ್ಪಂದ ಇದೆ. ಹೆಸರಿನಲ್ಲಿ ಒಂದು ಪದ ಹೆಚ್ಚಿದ್ದರೆ ಕೇಳಿ ತಿಳಿದುಕೊಳ್ಳಿ.

ಹೊಸದಾಗಿ ಶುರುವಾದ ಕೋರ್ಸ್ ಸೇರಬಹುದಾ? ಎಐ, ಡೇಟಾ ಸೈನ್ಸ್, ರೋಬೊಟಿಕ್ಸ್ ಅಂತೆಲ್ಲ ಇದೆಯಲ್ಲ?

ಸೇರಬಹುದು, ಆದರೆ ಹೆಸರು ಮುಚ್ಚಿಟ್ಟು ಪಠ್ಯಕ್ರಮ ಓದಿ. ಎಐ ಕೋರ್ಸ್ ಅಂದರೆ ಅದರೊಳಗೆ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್ಸ್, ಆಪರೇಟಿಂಗ್ ಸಿಸ್ಟಮ್ಸ್ ಇರಲೇಬೇಕು. ಇವನ್ನು ತೆಗೆದು ಆ ಜಾಗದಲ್ಲಿ ಇವತ್ತಿನ ಯಾವುದೋ ಸಾಫ್ಟ್‌ವೇರ್ ಟೂಲ್ ಕಲಿಸುವ ಪೇಪರ್‌ಗಳನ್ನು ತುಂಬಿದ್ದರೆ ಬೇಡ. ಟೂಲ್ ನೀವು ಪಾಸಾಗುವ ಹೊತ್ತಿಗೆ ಹಳೆಯದಾಗಿರುತ್ತದೆ, ಪ್ರಾಬಬಿಲಿಟಿ ಹಳೆಯದಾಗುವುದಿಲ್ಲ.

ಹೊಸ ಕೋರ್ಸಿಗೆ ಮಾನ್ಯತೆ ತಕ್ಷಣ ಸಿಗುವುದಿಲ್ಲ. ಎಬೆಟ್‌ಗೆ ಕನಿಷ್ಠ ಒಬ್ಬರಾದರೂ ಪದವಿ ಮುಗಿಸಿರಬೇಕು, ಎನ್‌ಬಿಎಗೆ ಎರಡು ಬ್ಯಾಚ್ ಹೊರಬಂದಿರಬೇಕು. ಹಾಗಾಗಿ ಮೊದಲ ಬ್ಯಾಚಿಗೆ ಸೇರುವವರು ಅದೇ ವಿಭಾಗದ ಹಳೆಯ ಕೋರ್ಸ್ ಹೇಗಿದೆ ಅಂತ ನೋಡಬೇಕು. ಕಲಿಸುವವರು ಅವರೇ ಆಗಿರುತ್ತಾರೆ.

ಪಠ್ಯಕ್ರಮ ಓದಿ ಅಂತೀರಿ. ಪದಗಳೇ ಅರ್ಥ ಆಗದಿದ್ದರೆ ಹೇಗೆ ಓದುವುದು?

ಪ್ರತಿ ಪದ ಅರ್ಥ ಆಗಬೇಕಿಲ್ಲ. ಮೂರು ವಿಷಯ ನೋಡಿದರೆ ಸಾಕು.

ಒಂದು, ಯಾವುದರ ಮೇಲೆ ಯಾವುದು ಬರುತ್ತದೆ ಅನ್ನುವ ಕ್ರಮ. ಎಲೆಕ್ಟ್ರಾನಿಕ್ಸ್‌ನಲ್ಲಿ ಗಣಿತ ಮೊದಲು, ಆಮೇಲೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಅದರ ಮೇಲೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಮೆಕ್ಯಾನಿಕಲ್‌ನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಆದ ಮೇಲೆ ಮಷಿನ್ ಡಿಸೈನ್, ಥರ್ಮೋಡೈನಾಮಿಕ್ಸ್ ಆದ ಮೇಲೆ ಹೀಟ್ ಟ್ರಾನ್ಸ್‌ಫರ್. ಈ ಕ್ರಮ ಸರಿಯಿದ್ದರೆ ಯಾರೋ ಕೂತು ಯೋಚನೆ ಮಾಡಿದ್ದಾರೆ ಅಂತ ಅರ್ಥ.

ಎರಡು, ಗಣಿತ ಮತ್ತು ಮೂಲ ವಿಜ್ಞಾನ ಎಷ್ಟಿದೆ, ಎಂಜಿನಿಯರಿಂಗ್ ಎಷ್ಟಿದೆ. ಎಬೆಟ್ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್ ಗಣಿತ ಮತ್ತು ವಿಜ್ಞಾನ, 45 ಸೆಮಿಸ್ಟರ್ ಕ್ರೆಡಿಟ್ ಎಂಜಿನಿಯರಿಂಗ್ ವಿಷಯ ಇರಬೇಕು ಅನ್ನುತ್ತದೆ. ಕ್ರೆಡಿಟ್ ಅಂದರೆ ಒಂದು ವಿಷಯಕ್ಕೆ ಎಷ್ಟು ಓದು, ಕೆಲಸ ಬೇಕು ಅನ್ನುವುದರ ಅಳತೆ. ಎಲ್ಲ ಕಡೆ ಕ್ರೆಡಿಟ್ ಲೆಕ್ಕ ಒಂದೇ ಅಲ್ಲ. ಯುರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಕೆಲಸ. ಹಾಗಾಗಿ ಅಂಕಿಯನ್ನು ನೇರವಾಗಿ ಹೋಲಿಸದೆ ಒಟ್ಟಿನಲ್ಲಿ ಎಷ್ಟು ಪಾಲು ಅಂತ ನೋಡಿ.

ಮೂರನೆಯದು ನನಗೆ ತುಂಬ ಮುಖ್ಯ. ಹಳೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೇಳಿ ತರಿಸಿಕೊಳ್ಳಿ. ಪಠ್ಯಕ್ರಮದ ಕಾಗದದಲ್ಲಿ ಎಲ್ಲರೂ ಒಳ್ಳೊಳ್ಳೆಯ ಮಾತೇ ಬರೆದಿರುತ್ತಾರೆ, ಆದರೆ ಮಕ್ಕಳಿಂದ ನಿಜವಾಗಿ ಏನು ಬಯಸುತ್ತಾರೆ ಅನ್ನೋದು ಪ್ರಶ್ನೆಪತ್ರಿಕೆಯಲ್ಲಿ ಕಾಣುತ್ತದೆ. ಒಂದು ಕಡೆ ಹೀಗಿರುತ್ತದೆ: "ಬೆಂಡಿಂಗ್ ಮೊಮೆಂಟ್ ಎಂದರೇನು? ಬೆಂಡಿಂಗ್ ಸಮೀಕರಣವನ್ನು ಸಾಧಿಸಿ." ಇನ್ನೊಂದು ಕಡೆ ಹೀಗೆ: "3 ಮೀಟರ್ ಉದ್ದದ ಸ್ಟೀಲ್ ಕ್ಯಾಂಟಿಲಿವರ್ ಬೀಮಿನ ತುದಿಗೆ 2 ಕಿಲೋನ್ಯೂಟನ್ ಭಾರ ಬೀಳುತ್ತದೆ. ತುದಿ 5 ಮಿಲಿಮೀಟರ್‌ಗಿಂತ ಹೆಚ್ಚು ಬಾಗಬಾರದು. ಕೊಟ್ಟಿರುವ ಕೋಷ್ಟಕದಿಂದ ತಕ್ಕ ಐ-ಸೆಕ್ಷನ್ ಆರಿಸಿ, ಕಾರಣ ಕೊಡಿ." ಮೊದಲನೆಯದನ್ನು ಬಾಯಿಪಾಠ ಮಾಡಿ ಬರೆಯಬಹುದು. ಎರಡನೆಯದಕ್ಕೆ ಅದೇ ಸಮೀಕರಣ ಗೊತ್ತಿರಬೇಕು, ಜೊತೆಗೆ ಅದನ್ನು ಎಲ್ಲಿ ಹಾಕಬೇಕು ಅಂತಲೂ ಗೊತ್ತಿರಬೇಕು. ನಾಲ್ಕು ವರ್ಷ ಎರಡನೆಯ ಥರದ ಪ್ರಶ್ನೆ ಬಿಡಿಸಿದವರು ಎಂಜಿನಿಯರ್ ಆಗಿ ಹೊರಬರುತ್ತಾರೆ. ಎರಡು ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆ ಪಕ್ಕಪಕ್ಕ ಇಟ್ಟು ನೋಡಿ. ವಿಷಯ ಗೊತ್ತಿಲ್ಲದ ಅಪ್ಪ ಅಮ್ಮನಿಗೂ ಈ ವ್ಯತ್ಯಾಸ ಕಾಣುತ್ತದೆ.

ಲ್ಯಾಬ್ ಚೆನ್ನಾಗಿದೆ ಅಂತ ಹೇಗೆ ತಿಳಿಯುವುದು? ಎಲ್ಲ ಕಡೆ ಹೊಳೆಯುವ ಯಂತ್ರ ತೋರಿಸುತ್ತಾರೆ.

ಹೊಳೆಯುವುದೇ ಅನುಮಾನಕ್ಕೆ ಕಾರಣ. ಬಳಕೆಯಲ್ಲಿರುವ ವರ್ಕ್‌ಶಾಪ್‌ನಲ್ಲಿ ಲೇತ್ ಕೆಳಗೆ ಲೋಹದ ಚೂರು ಬಿದ್ದಿರುತ್ತದೆ, ಕಟಿಂಗ್ ಆಯಿಲ್ ವಾಸನೆ ಇರುತ್ತದೆ, ಹಿಡಿಕೆಯ ಬಣ್ಣ ಕೈ ತಾಗಿ ಹೋಗಿರುತ್ತದೆ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್‌ನ ಪ್ರೋಬ್‌ಗಳು ಸ್ವಲ್ಪ ಸವೆದಿರುತ್ತವೆ. ಅಳತೆಯ ಉಪಕರಣಗಳ ಮೇಲೆ ಕ್ಯಾಲಿಬ್ರೇಶನ್ ಸ್ಟಿಕರ್ (ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಿದ ಗುರುತು) ಇದ್ದರೆ ಅದರ ದಿನಾಂಕ ನೋಡಿ. ಅವಧಿ ಮುಗಿದು ವರ್ಷಗಳಾಗಿದ್ದರೆ ಆ ಯಂತ್ರದ ಅಳತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಅಂತ.

ಆಮೇಲೆ ಕೇಳಿ: ಒಂದು ಬೆಂಚಿಗೆ ಎಷ್ಟು ಜನ? ಇಬ್ಬರು ಇದ್ದರೆ ಇಬ್ಬರೂ ಕೈ ಹಾಕುತ್ತಾರೆ. ಆರು ಜನ ಇದ್ದರೆ ಒಬ್ಬ ಮಾಡುತ್ತಾನೆ, ಒಬ್ಬಳು ಬರೆದುಕೊಳ್ಳುತ್ತಾಳೆ, ಉಳಿದವರು ಸುಮ್ನೆ ನಿಂತಿರುತ್ತಾರೆ. ಕ್ಲಾಸಿನ ಸಮಯ ಮುಗಿದ ಮೇಲೆ ಸ್ವಂತ ಪ್ರಾಜೆಕ್ಟಿಗೆ ಲ್ಯಾಬ್ ತೆರೆದುಕೊಡುತ್ತಾರಾ ಅನ್ನೋದನ್ನೂ ಕೇಳಿ. ನನ್ನನ್ನು ಕೇಳಿದರೆ, ಸಂಜೆ ಬೀಗ ಹಾಕುವ ದುಬಾರಿ ಲ್ಯಾಬ್‌ಗಿಂತ ರಾತ್ರಿ ಒಂಬತ್ತಕ್ಕೂ ತೆರೆದಿರುವ ಸಾಧಾರಣ ಲ್ಯಾಬ್ ಮೇಲು.

ಪ್ಲೇಸ್‌ಮೆಂಟ್ ಅಂಕಿಗಳನ್ನು ಹೇಗೆ ಓದಬೇಕು?

ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಅನ್ನೋದನ್ನು ಮರೆತುಬಿಡಿ. ಅದು ಒಬ್ಬ ವ್ಯಕ್ತಿಯ ಸಂಬಳ. ಸರಾಸರಿಯೂ ಮೋಸ ಮಾಡುತ್ತದೆ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 5, ಒಬ್ಬರಿಗೆ 55 ಸಿಕ್ಕರೆ ಸರಾಸರಿ 10 ಬರುತ್ತದೆ, ಆದರೆ 10 ಸಿಕ್ಕವರು ಒಬ್ಬರೂ ಇಲ್ಲ. ಮೀಡಿಯನ್ ಕೇಳಿ, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರದು ಎಷ್ಟು ಅಂತ. ಈ ಉದಾಹರಣೆಯಲ್ಲಿ ಅದು 5.

ಆಮೇಲೆ ಶೇಕಡಾ ಲೆಕ್ಕ. "ಶೇಕಡಾ 95 ಪ್ಲೇಸ್‌ಮೆಂಟ್" ಅಂದರೆ ಯಾರಲ್ಲಿ 95? ಇಡೀ ಬ್ಯಾಚಿನಲ್ಲಾ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರಲ್ಲಾ, ಇಲ್ಲಾ ಒಂದೂ ವಿಷಯ ಫೇಲಾಗದೆ ಅರ್ಹರಾದವರಲ್ಲಾ? ಪ್ರತಿ ಸಲ ಒಟ್ಟು ಎಷ್ಟು ಜನರಲ್ಲಿ ಅಂತ ಕೇಳಿ. ನಿಮ್ಮ ಬ್ರಾಂಚಿನದು ಬೇರೆಯಾಗಿ ಕೇಳಿ, ಇಡೀ ವಿಶ್ವವಿದ್ಯಾಲಯದ್ದು ಬೇಡ.

ಇದನ್ನು ಅಧಿಕೃತವಾಗಿ ನೋಡಲು ದಾರಿಗಳಿವೆ. ಭಾರತದಲ್ಲಿ ಎನ್‌ಐಆರ್‌ಎಫ್‌ಗೆ (ಇದು ಕೇಂದ್ರ ಸರ್ಕಾರದ ರ್‍ಯಾಂಕಿಂಗ್) ಸಂಸ್ಥೆಗಳು ಸಲ್ಲಿಸಿದ ಮಾಹಿತಿ ಸಾರ್ವಜನಿಕವಾಗಿದೆ. ಅದರಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ನಿಗದಿತ ಅವಧಿಯಲ್ಲೇ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು ಅಂತ ಇರುತ್ತದೆ. ರ್‍ಯಾಂಕ್ ನೋಡುವವರು ತುಂಬ ಜನ, ಆ ಕಡತ ತೆರೆದು ಓದುವವರು ಕಡಿಮೆ. ಅಮೆರಿಕದಲ್ಲಿ ಕಾಲೇಜ್ ಸ್ಕೋರ್‌ಕಾರ್ಡ್, ಬ್ರಿಟನ್‌ನಲ್ಲಿ ಡಿಸ್ಕವರ್ ಯುನಿ ಅನ್ನುವ ಜಾಲತಾಣಗಳಲ್ಲಿ ಕೋರ್ಸುವಾರು ಮಾಹಿತಿ ಸಿಗುತ್ತದೆ.

ನಿಗದಿತ ಅವಧಿಯಲ್ಲಿ ಪಾಸಾದವರ ಲೆಕ್ಕ ಯಾಕೆ?

ಸೇರಿದ 100 ಜನರಲ್ಲಿ 50 ಜನ ಮಾತ್ರ ಸಮಯಕ್ಕೆ ಮುಗಿಸುತ್ತಾರೆ ಅಂದರೆ ಅಲ್ಲಿ ಏನೋ ಸರಿಯಿಲ್ಲ. ಪಾಠ ತುಂಬ ಕಠಿಣ ಇರಬಹುದು, ಸಹಾಯ ಸಿಗದಿರಬಹುದು, ಬೇಕಾದ ವಿಷಯ ವರ್ಷಕ್ಕೆ ಒಂದೇ ಸಲ ಕೊಡುತ್ತಿರಬಹುದು. ಹಿಂದೆ ಬಿದ್ದವರಿಗೆ ಏನು ಸಹಾಯ ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಒಂದು ಹೆಚ್ಚಿನ ವರ್ಷ ಅಂದರೆ ಒಂದು ವರ್ಷದ ಖರ್ಚು ಜಾಸ್ತಿ, ಒಂದು ವರ್ಷದ ಸಂಬಳ ಕಡಿಮೆ.

ಇಂಟರ್ನ್‌ಶಿಪ್ ಎಷ್ಟು ಮುಖ್ಯ?

ತುಂಬ. ಕೆಲಸ ಮತ್ತು ಓದನ್ನು ಸರದಿಯಲ್ಲಿ ಮಾಡಿಸುವ ಕೋ-ಆಪ್ ಪದ್ಧತಿಯನ್ನು 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಶುರು ಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಕೋ-ಆಪ್ ಎಂಜಿನಿಯರಿಂಗ್ ಕೋರ್ಸಿನಿಂದಲೇ ಹುಟ್ಟಿಕೊಂಡಿತು. ಡೆನ್ಮಾರ್ಕ್‌ನ ಆಲ್ಬೊರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದಾಗಿಂದ ತಂಡದ ಪ್ರಾಜೆಕ್ಟ್‌ಗಳ ಸುತ್ತಲೇ ಓದನ್ನು ಕಟ್ಟಿದೆ. ಇವರ ದಾರಿ ಬೇರೆ ಬೇರೆ ಆದರೂ, ಎಂಜಿನಿಯರಿಂಗ್ ಬರೀ ಕೇಳಿ ಬರುವ ವಿದ್ಯೆ ಅಲ್ಲ ಅನ್ನುವುದರಲ್ಲಿ ಮೂವರದೂ ಒಂದೇ ಮಾತು.

ನೀವು ಕೇಳಬೇಕಾದದ್ದು ಇಷ್ಟು: ಇಂಟರ್ನ್‌ಶಿಪ್ ಕಡ್ಡಾಯವಾ? ಅದಕ್ಕೆ ಕ್ರೆಡಿಟ್ ಇದೆಯಾ? ಹುಡುಕಿಕೊಡುವವರು ಯಾರು, ವಿಭಾಗವೋ ವಿದ್ಯಾರ್ಥಿಯೋ? ಕಳೆದ ವರ್ಷ ಹೋದವರು ಅಲ್ಲಿ ಏನು ಕೆಲಸ ಮಾಡಿದರು? ಕೊನೆಯ ಪ್ರಶ್ನೆಗೆ ವಿವರವಾದ ಉತ್ತರ ಬಂದರೆ ಒಳ್ಳೆಯ ಲಕ್ಷಣ. ಸರ್ಟಿಫಿಕೇಟ್ ತರುವುದಷ್ಟೇ ನಡೆಯುತ್ತಿದ್ದರೆ ವಿವರ ಹೇಳಲು ಯಾರಿಗೂ ಆಗುವುದಿಲ್ಲ.

ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯದಲ್ಲಿ ಪಾಠ ಚೆನ್ನಾಗಿರುತ್ತದಾ?

ಇರಲೂಬಹುದು, ಇಲ್ಲದಿರಲೂಬಹುದು. ದೊಡ್ಡ ಸಂಶೋಧಕರು ಮೊದಲ ವರ್ಷದ ಕ್ಲಾಸಿಗೆ ಬರುತ್ತಾರಾ, ಇಲ್ಲಾ ಸಹಾಯಕರು ಪಾಠ ಮಾಡುತ್ತಾರಾ ಅಂತ ಈಗ ಓದುತ್ತಿರುವವರನ್ನು ಕೇಳಿ. ಆದರೆ ಸಂಶೋಧನೆ ನಡೆಯುವ ಕಡೆ ಒಂದು ದೊಡ್ಡ ಅನುಕೂಲ ಇದೆ. ಮೂರನೇ ವರ್ಷದಲ್ಲಿ ಯಾರಾದರೂ ಪ್ರಾಧ್ಯಾಪಕರ ಲ್ಯಾಬಿಗೆ ಸೇರಿಕೊಂಡು ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡಬಹುದು. ಮುಂದೆ ಎಂಎಸ್, ಪಿಎಚ್‌ಡಿ ಯೋಚನೆ ಇದ್ದರೆ ಇದಕ್ಕೆ ಬೆಲೆ ಕಟ್ಟಲಾಗದು. ನೇರ ಕೈಕೆಲಸದ ಕಡೆ ಒಲವಿದ್ದರೆ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಗಳೂ ಕಡಿಮೆಯೇನಲ್ಲ. ಜರ್ಮನಿಯಲ್ಲಿ ಟೆಕ್ನಿಕಲ್ ಯೂನಿವರ್ಸಿಟಿ ಸಿದ್ಧಾಂತದ ಕಡೆ ಹೆಚ್ಚು ವಾಲಿದರೆ, ಫಾಕ್‌ಹೋಕ್‌ಶೂಲೆ ಅನ್ನುವ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯ ಉದ್ಯಮದ ಕಡೆ ವಾಲುತ್ತದೆ.

ಖರ್ಚಿನ ವಿಷಯದಲ್ಲಿ ಏನು ನೋಡಬೇಕು?

ಮೊದಲ ವರ್ಷದ ಫೀಸ್ ನೋಡಿ ತೀರ್ಮಾನಿಸಬೇಡಿ. ಎಲ್ಲ ವರ್ಷಗಳದ್ದು ಕೂಡಿಸಿ: ಫೀಸ್, ಹಾಸ್ಟೆಲ್, ಊಟ, ಓಡಾಟ, ಪ್ರಾಜೆಕ್ಟ್ ಸಾಮಾನು. ವರ್ಷ ವರ್ಷ ಫೀಸ್ ಏರುತ್ತದಾ ಅಂತ ಬರಹದಲ್ಲಿ ಕೇಳಿ. ಸ್ಕಾಲರ್‌ಶಿಪ್ ಸಿಕ್ಕಿದರೆ ಅದರ ಷರತ್ತು ಓದಿ, ಏಕೆಂದರೆ ಎಷ್ಟೋ ಸ್ಕಾಲರ್‌ಶಿಪ್‌ಗಳು ಇಂತಿಷ್ಟು ಸರಾಸರಿ ಅಂಕ ಉಳಿಸಿಕೊಂಡರೆ ಮಾತ್ರ ಮುಂದುವರಿಯುತ್ತವೆ, ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲೇ ಅಂಕ ಜಾರುವುದು ಸಾಮಾನ್ಯ.

ಸಾಲ ಮಾಡಿ ಸೇರುವುದಾದರೆ ನಿಮ್ಮ ಬ್ರಾಂಚಿನ ಮೀಡಿಯನ್ ಸಂಬಳಕ್ಕೆ ಕಂತನ್ನು ಹೋಲಿಸಿ. ಅಪ್ಪ ಅಮ್ಮನ ಉಳಿತಾಯವೆಲ್ಲ ಒಂದು ಹೆಸರಿಗೆ ಸುರಿಯುವ ಮೊದಲು ಈ ಒಂದು ಲೆಕ್ಕ ಮಾಡಲೇಬೇಕು ಅನ್ನುವುದು ನನ್ನ ಕಳಕಳಿ.

ದೊಡ್ಡ ವಿಶ್ವವಿದ್ಯಾಲಯ ಒಳ್ಳೆಯದಾ, ಚಿಕ್ಕದು ಒಳ್ಳೆಯದಾ?

ದೊಡ್ಡದರಲ್ಲಿ ಆಯ್ಕೆ ಜಾಸ್ತಿ, ಚಿಕ್ಕದರಲ್ಲಿ ಪರಿಚಯ ಜಾಸ್ತಿ. ತಾನಾಗಿ ಹೋಗಿ ಕೇಳುವ ಸ್ವಭಾವ ಇಲ್ಲದವರಿಗೆ ಚಿಕ್ಕ ವಿಭಾಗ ಒಗ್ಗುತ್ತದೆ.

ಕ್ಯಾಂಪಸ್‌ಗೆ ಹೋದರೆ ಯಾರನ್ನು ಮಾತಾಡಿಸಬೇಕು?

ಪ್ರವೇಶ ಕಚೇರಿಯವರ ಕೆಲಸವೇ ಒಳ್ಳೆಯದನ್ನು ಹೇಳುವುದು. ಅವರನ್ನು ಮಾತಾಡಿಸಿ ಆದ ಮೇಲೆ ಕ್ಯಾಂಟೀನ್‌ನಲ್ಲೋ ಲೈಬ್ರರಿ ಹೊರಗೋ ಅದೇ ಬ್ರಾಂಚಿನ ಕೊನೆಯ ವರ್ಷದವರನ್ನು ಹುಡುಕಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ "ಹೂಂ, ಪರವಾಗಿಲ್ಲ" ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಈ ಸೆಮಿಸ್ಟರ್‌ನಲ್ಲಿ ನೀವು ಕೈಯಾರೆ ಮಾಡಿದ್ದು ಏನು?", "ಅರ್ಥ ಆಗದಿದ್ದರೆ ಯಾವ ಮೇಷ್ಟರ ಹತ್ತಿರ ಹೋಗುತ್ತೀರಿ?", "ಎಷ್ಟು ಕ್ಲಾಸ್ ರದ್ದಾಗುತ್ತವೆ?", "ನಿಮ್ಮ ತಮ್ಮ ತಂಗಿಗೆ ಇಲ್ಲಿ ಸೇರು ಅಂತೀರಾ?" ಅಂತ ಕೇಳಿ. ಎರಡನೇ ಪ್ರಶ್ನೆಗೆ ಥಟ್ಟನೆ ಒಂದೆರಡು ಹೆಸರು ಬಂದರೆ ಆ ವಿಭಾಗದಲ್ಲಿ ಜೀವ ಇದೆ.

ಹೆಣ್ಣುಮಕ್ಕಳು ಆ ಬ್ರಾಂಚಿನ ಹುಡುಗಿಯರನ್ನೇ ಕೇಳಬೇಕು: ರಾತ್ರಿ ಲ್ಯಾಬ್ ತೆರೆದಿದ್ದರೂ ಹಾಸ್ಟೆಲ್ ಬಾಗಿಲು ಬೇಗ ಮುಚ್ಚುತ್ತಾರಾ, ದೂರು ಕೊಟ್ಟರೆ ಯಾರಾದರೂ ಕೇಳುತ್ತಾರಾ ಅಂತ. ಲ್ಯಾಬ್ ಸಮಯ ಹುಡುಗರಿಗೊಂದು ಹುಡುಗಿಯರಿಗೊಂದು ಆದರೆ ಅದು ನೇರವಾಗಿ ಓದಿನ ಮೇಲೇ ಬೀಳುವ ಪೆಟ್ಟು.

ಮನೆಯವರು ಒಂದು ಹೇಳುತ್ತಾರೆ, ನನಗೆ ಇನ್ನೊಂದು ಇಷ್ಟ.

ಇಷ್ಟ ಅಂತ ಮಾತ್ರ ಹೇಳಿದರೆ ವಾದ ಮುಗಿಯುವುದಿಲ್ಲ. ಮಾನ್ಯತೆಯ ಪುಟ, ಮೀಡಿಯನ್ ಸಂಬಳ, ಒಟ್ಟು ಖರ್ಚು, ಎರಡು ಪ್ರಶ್ನೆಪತ್ರಿಕೆ, ಇಷ್ಟನ್ನು ಮೇಜಿನ ಮೇಲೆ ಇಡಿ. ಅಪ್ಪ ಅಮ್ಮ ಹೆದರುವುದು ಹೆಚ್ಚಾಗಿ ಮುಂದೆ ಕೆಲಸ ಸಿಗದಿದ್ದರೆ ಅನ್ನುವುದಕ್ಕೆ. ಅದಕ್ಕೆ ಉತ್ತರ ಸಿಕ್ಕರೆ ಎಷ್ಟೋ ಮನೆಗಳಲ್ಲಿ ಮಾತು ಸಲೀಸಾಗುತ್ತದೆ.

ಸೇರಿದ ಮೇಲೆ ಸರಿಹೋಗದಿದ್ದರೆ ಬದಲಾಯಿಸಬಹುದಾ?

ಕೆಲವು ಕಡೆ ಬಹುದು. ಬ್ರಾಂಚ್ ಬದಲಾವಣೆಗೆ ಸಾಮಾನ್ಯವಾಗಿ ಮೊದಲ ವರ್ಷದ ಅಂಕ ಮತ್ತು ಖಾಲಿ ಸೀಟು ಎರಡೂ ಬೇಕು. ವಿಶ್ವವಿದ್ಯಾಲಯವನ್ನೇ ಬದಲಾಯಿಸುವುದಾದರೆ ನೀವು ಪಾಸಾದ ವಿಷಯಗಳನ್ನು ಹೊಸ ಕಡೆಯವರು ಒಪ್ಪಬೇಕು, ಅದಕ್ಕೆ ಅವರು ಪಠ್ಯಕ್ರಮವನ್ನು ಸಾಲು ಸಾಲಾಗಿ ಹೋಲಿಸುತ್ತಾರೆ. ಹಾಗಾಗಿ ಪ್ರತಿ ವಿಷಯದ ಪಠ್ಯಕ್ರಮದ ಪ್ರತಿ, ಲ್ಯಾಬ್ ರೆಕಾರ್ಡ್, ಅಂಕಪಟ್ಟಿ ಮೊದಲ ಸೆಮಿಸ್ಟರ್‌ನಿಂದಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಬದಲಾವಣೆಯ ನಿಯಮವನ್ನು ಸೇರುವ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ "ನೋಡೋಣ, ಮಾಡಿಕೊಡ್ತೀವಿ" ಅಂದರೆ ಅದನ್ನು ಇಲ್ಲ ಅಂತಲೇ ಲೆಕ್ಕ ಹಾಕಿ.